ಹಾಲಮ್ಮನ ಕ್ಲಿಪ್ಪು

ಹಾಲಮ್ಮ ಯಾವತ್ತೂ ಕೈಕೊಟ್ಟವಳಲ್ಲ. ಉಪನ್ಯಾಸಕ್ಕೆ ಬಂದ ಸಭಿಕರು ಆಕಳಿಸುತ್ತಿರಲಿ, ಫೋನು ಒತ್ತುತ್ತ ಕೂತಿರಲಿ, ಪುಟ್ಟಿ ಹಾಲಮ್ಮನ ಕ್ಲಿಪ್ಪು ಹಾಕಿದಳೆಂದರೆ ಸಭೆ ಗೊಳ್ಳೆಂದು ನಗುತ್ತಿತ್ತು. ಒಮ್ಮೆ ನಕ್ಕ ಮೇಲೆ ಕೊನೆಯವರೆಗೂ ಕಿವಿಗೊಟ್ಟು ಕೇಳುತ್ತಿತ್ತು.

ಪುಟ್ಟಿ ಎಂಬುದು ಮನೆಯ ಹೆಸರು. ಸೈಬರ್ ವಂಚನೆಯನ್ನು ಅಧ್ಯಯನ ಮಾಡುವ ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಡಾಕ್ಟರ್ ಎನ್ನುತ್ತಿದ್ದರು. ಹಾಲಮ್ಮ ಎಂಬುದು ಅಡ್ಡಹೆಸರು. ಆ ಹೆಂಗಸಿನ ನಿಜವಾದ ಹೆಸರು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗಲೂ ಬಾರದು. ಪೊಲೀಸರು ವಂಚಕರ ಅಡ್ಡೆಯೊಂದರ ಮೇಲೆ ದಾಳಿ ಮಾಡಿದಾಗ ಸಿಕ್ಕ ಧ್ವನಿಮುದ್ರಣಗಳಲ್ಲಿ ಅವಳದೂ ಒಂದು. ಹೊಸದಾಗಿ ಸೇರಿದವರಿಗೆ ಕಸುಬು ಕಲಿಸಲೆಂದು ವಂಚಕರು ತಮ್ಮ ಕರೆಗಳನ್ನು ತಾವೇ ರೆಕಾರ್ಡ್ ಮಾಡಿಟ್ಟುಕೊಂಡಿದ್ದರು. ಪ್ರಯೋಗಾಲಯಕ್ಕೆ ಬರುವ ಮೊದಲೇ ಅವುಗಳಿಂದ ಹೆಸರು, ವಿಳಾಸ ಕತ್ತರಿಸಿ ತೆಗೆದು, ಮೋಸಹೋದವರ ದನಿಯನ್ನು ಒಡಹುಟ್ಟಿದವರಿಗೂ ಗುರುತು ಹತ್ತದಂತೆ ಸಾಫ್ಟ್‌ವೇರಿನಿಂದ ಬದಲಿಸಲಾಗುತ್ತಿತ್ತು. ಆಮೇಲೆ ಪುಟ್ಟಿ ಮತ್ತು ಅವಳ ಸಹೋದ್ಯೋಗಿ ಹೆಡ್‌ಫೋನ್ ಹಾಕಿಕೊಂಡು ಕೂತು, ಒಂದೊಂದು ಮಾತಿಗೂ ಪರದೆಯ ಮೇಲೆ ಒಂದೊಂದು ಬಣ್ಣದ ಚೀಟಿ ಅಂಟಿಸುತ್ತಿದ್ದರು. ಇಲ್ಲಿ ಹೆದರಿದ್ದಾರೆ, ಇಲ್ಲಿ ಅವಸರಕ್ಕೆ ಬಿದ್ದಿದ್ದಾರೆ, ಇಲ್ಲಿ ಆಸೆ, ಇಲ್ಲಿ ಅತಿ ನಂಬಿಕೆ. ಯಾವುದನ್ನೂ ತೂಗಿ ನೋಡದೆ ಒಪ್ಪದ ಆ ಸಹೋದ್ಯೋಗಿಗೆ ತಕ್ಕಡಿ ಎಂದು ಹೆಸರಿಟ್ಟವಳು ಪುಟ್ಟಿ. ಹಾಲಮ್ಮನಿಗೆ ಹೆಸರಿಟ್ಟವಳೂ ಅವಳೇ. ಹೆಸರಿಡುವುದರಲ್ಲಿ ಅವಳದು ಎತ್ತಿದ ಕೈ.

ಒಂದು ಭಾನುವಾರ ಬೆಳಿಗ್ಗೆ, ಮೋಸಹೋಗದಂತೆ ಜನರನ್ನು ಎಚ್ಚರಿಸುವ ಅವಳ ಉಪನ್ಯಾಸವಿದ್ದದ್ದು ಸಾರ್ವಜನಿಕ ಗ್ರಂಥಾಲಯದ ಮಹಡಿಯ ಮೇಲೆ. ಚಿಕ್ಕಮ್ಮ ಮೊದಲ ಸಲ ಬಂದಿದ್ದರು. ತಾಯಿ ತೀರಿಕೊಂಡ ಮೇಲೆ ಪುಟ್ಟಿಯನ್ನು ಸಾಕಿದ್ದು, ಲೆಕ್ಕ ಕಲಿಸಿದ್ದು, ಕಿವಿ ಹಿಂಡಿದ್ದು ಎಲ್ಲ ಈ ಚಿಕ್ಕಮ್ಮನೇ. ಹೈಸ್ಕೂಲಿನಲ್ಲಿ ಗಣಿತದ ಟೀಚರಾಗಿದ್ದವರು. 'ಸ್ಟೆಪ್ಸ್ ತೋರಿಸದೆ ಬರೆದ ಉತ್ತರ ಕದ್ದ ಉತ್ತರ' ಎಂದು ಹೇಳಿ ಹೇಳಿಯೇ ನಿವೃತ್ತರಾದವರು. ಇಷ್ಟು ದಿನ ಎಷ್ಟು ಕರೆದರೂ "ನಿನ್ನ ಕಳ್ಳರ ಪುರಾಣ ನಂಗ್ಯಾಕೆ ಬಿಡೇ" ಎಂದು ಜಾರಿಕೊಳ್ಳುತ್ತಿದ್ದರು. ಈ ಸಲ ಪುಟ್ಟಿಯೇ ಮನೆಗೆ ಹೋಗಿ ಕರೆದುಕೊಂಡು ಬಂದಿದ್ದಳು. ಎರಡನೇ ಸಾಲಿನಲ್ಲಿ, ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಪರೀಕ್ಷಾ ಕೊಠಡಿಯ ಮೇಲ್ವಿಚಾರಕಿಯಂತೆ ನೆಟ್ಟಗೆ ಕೂತಿದ್ದರು.

ಪುಟ್ಟಿ ಕ್ಲಿಪ್ಪು ಹಾಕಿದಳು. ಮೊದಲು ನಕಲಿ ಅಧಿಕಾರಿಯ ಗಡಸು ದನಿ.

"ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ. ನಿಮ್ಮನ್ನ ಮನೇಲೇ ಅರೆಸ್ಟ್ ಮಾಡಿದೀವಿ. ಕ್ಯಾಮೆರಾ ಮುಂದಿಂದ ಏಳೋ ಹಾಗಿಲ್ಲ."

ಆಮೇಲೆ, ಡಬ್ಬಿಯೊಳಗಿಂದ ಬಂದಂಥ ಹಾಲಮ್ಮನ ದನಿ. "ಆಯ್ತು ಸಾರ್. ಆದ್ರೆ ಒಲೆ ಮೇಲೆ ಹಾಲಿಟ್ಟಿದೀನಿ. ಅರೆಸ್ಟ್ ಆಗಿರೋರು ಒಲೆ ಆರಿಸ್ಬಹುದಾ?"

ಸಭೆ ನಕ್ಕಿತು. ಮುಂದಿನ ಸಾಲಿನ ಮುದುಕರೊಬ್ಬರು ಪಕ್ಕದವರ ಭುಜ ತಟ್ಟಿ ನಕ್ಕರು. ಪುಟ್ಟಿಯ ಕಣ್ಣು ಚಿಕ್ಕಮ್ಮನನ್ನು ಹುಡುಕಿತು. ಅವರೂ ನಗುತ್ತಿರಬೇಕು ಎಂದುಕೊಂಡಿದ್ದಳು.

ಚಿಕ್ಕಮ್ಮ ನಗುತ್ತಿರಲಿಲ್ಲ. ತಲೆ ತಗ್ಗಿಸಿ ಬ್ಯಾಗಿನ ಜಿಪ್ಪನ್ನು ಹಿಡಿದುಕೊಂಡಿದ್ದರು. ಸ್ಪೀಕರಿನಲ್ಲಿ ಅಧಿಕಾರಿ ಗದರಿ, ಕೆಮ್ಮಿದ. ಆಗ ಚಿಕ್ಕಮ್ಮನ ತುಟಿ ಅಲುಗಿತು. ತುಟಿ ಅಲುಗಿದ ಮೇಲೆ, ಅದನ್ನೇ ಹಿಂಬಾಲಿಸಿದಂತೆ, ಸ್ಪೀಕರಿನಿಂದ ಮಾತು ಬಂತು.

"ಗಂಟಲು ಕಟ್ಟಿದೆ ನಿಮ್ಗೆ. ಬಿಸಿನೀರು ಕುಡೀರಿ ಸಾರ್. ಆಗ್ಲಿಂದ ಕೂಗ್ತಾನೇ ಇದೀರಿ, ಪಾಪ."

ಮತ್ತೆ ನಗು. ಪುಟ್ಟಿ ಆ ತುಟಿಗಳನ್ನೇ ನೋಡುತ್ತಿದ್ದಳು. ಈ ಕ್ಲಿಪ್ಪನ್ನು ಇಷ್ಟೆಲ್ಲ ಸಲ ಕೇಳಿದ್ದಾಳೆ, ಉಸಿರಿನ ಏರಿಳಿತ ಕೂಡ ಬಾಯಿಪಾಠ. ಆದರೂ ತನ್ನನ್ನು ಬೆಳೆಸಿದ ದನಿ ಅದರೊಳಗೆ ಇದೆಯೆಂದು ತಿಳಿದಿರಲಿಲ್ಲ. ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಪರದೆಯ ಮೇಲೆ 'ಅತಿ ನಂಬಿಕೆ' ಎಂಬ ಹಳದಿ ಚೀಟಿ ತಾನಾಗಿ ಮೂಡಿತು. ಅದು ಮೂಡಿದಾಗಲೆಲ್ಲ ಹೇಳುತ್ತಿದ್ದ ಮಾತನ್ನು ಅವಳ ಬಾಯಿ ರೂಢಿಯಂತೆ ಹೇಳಿಯೇಬಿಟ್ಟಿತು.

"ನೋಡಿ, ಜೇಬಿಗೆ ಕೈ ಹಾಕ್ತಿರೋ ಕಳ್ಳನ ಕೈ ಬೆಚ್ಚಗಿದೆಯಾ ಅಂತ ವಿಚಾರಿಸ್ಕೊಳ್ಳೋ ಪುಣ್ಯಾತ್ಗಿತ್ತಿ ಇವಳು."

ಎಲ್ಲಕ್ಕಿಂತ ದೊಡ್ಡ ನಗು ಬಂದದ್ದು ಅದಕ್ಕೆ. ಉಳಿದ ಉಪನ್ಯಾಸದಲ್ಲಿ ತಾನು ಏನು ಹೇಳಿದೆನೆಂಬುದು ಪುಟ್ಟಿಗೆ ಆಮೇಲೆ ನೆನಪಾಗಲಿಲ್ಲ.

ಮೆಟ್ಟಿಲ ಬಳಿ ಚಿಕ್ಕಮ್ಮ ಕಾಯುತ್ತಿದ್ದರು. "ಚೆನ್ನಾಗಿ ಮಾತಾಡಿದೆ. ಸ್ವಲ್ಪ ಬೇಗ ಬೇಗ ಆಯ್ತು, ಹಿಂದಿನ ಬೆಂಚಿಗೆ ಕೇಳ್ಸಲ್ಲ" ಎಂದರು. ದಾರಿಯುದ್ದಕ್ಕೂ ಕಾರಿನ ಕಿಟಕಿಯಾಚೆ ನೋಡುತ್ತಿದ್ದರು. ಪುಟ್ಟಿ ಕಾರು ಓಡಿಸುತ್ತಿದ್ದಳು. ತನಗೆ ಗೊತ್ತಾಗಿದೆ ಎಂಬುದು ಚಿಕ್ಕಮ್ಮನಿಗೆ ಗೊತ್ತಿಲ್ಲ. ಹೇಳದೆ ಸುಮ್ಮನಿದ್ದರೆ ಮೊದಲಿನಂತೆಯೇ ಇದ್ದುಬಿಡಬಹುದು. ಹಾಗೆ ಅನ್ನಿಸಿದ್ದಕ್ಕೇ ಅವಳ ಮುಖ ಬಿಸಿಯಾಯಿತು.

ಮನೆಗೆ ಬಂದೊಡನೆ ಚಿಕ್ಕಮ್ಮ ಕಾಫಿಗೆಂದು ಅಡುಗೆಮನೆಗೆ ಹೋದರು. ಪುಟ್ಟಿ ಹಿಂದೆಯೇ ಹೋಗಿ ಬಾಗಿಲಲ್ಲಿ ನಿಂತಳು. ಗೂಡಿನಲ್ಲಿ ಹಳೆಯ ಹಾಲಿನ ಪಾತ್ರೆ ಇತ್ತು. ಎಷ್ಟು ತಿಕ್ಕಿದರೂ ಹೋಗದ ಕಪ್ಪು ಅದರ ತಳದಲ್ಲಿ. ಹೋದ ವರ್ಷ ಅದನ್ನು ನೋಡಿ ಪುಟ್ಟಿಯೇ ಛೇಡಿಸಿದ್ದಳು. 'ಹಾಲಿಟ್ಟು ಮರೆತ್ಯಾ? ಟೀಚರಮ್ಮಂಗೆ ಅರುಳು ಮರುಳು ಶುರು.' ಚಿಕ್ಕಮ್ಮ 'ಹೂಂ ಕಣೇ, ವಯಸ್ಸಾಯ್ತಲ್ಲ' ಎಂದು ಒಪ್ಪಿಕೊಂಡಿದ್ದರು.

"ಚಿಕ್ಕಮ್ಮ, ಅದು ನೀನು" ಎಂದಳು ಪುಟ್ಟಿ.

ಚಿಕ್ಕಮ್ಮ ಯಾವುದು ಎಂದು ಕೇಳಲಿಲ್ಲ. ಹಾಲನ್ನು ಪಾತ್ರೆಗೆ ಸುರಿದು ಒಲೆ ಹಚ್ಚಿದರು.

"ದನಿ ಬೇರೆ ಮಾಡಿದೀರಲ್ಲ. ನಿಂಗೆ ಹೇಗೆ ಗೊತ್ತಾಯ್ತು?"

"ನಿನ್ನ ತುಟಿ ಮೊದ್ಲೇ ಹೇಳ್ತಿತ್ತು."

"ಹಾಳು ತುಟಿ" ಎಂದರು ಚಿಕ್ಕಮ್ಮ. "ಆ ಮಾತುಗಳು ತಲೇಲಿ ತಿರುಗ್ತಾನೇ ಇರ್ತವೆ ಕಣೇ."

"ನಂಗ್ಯಾಕೆ ಹೇಳ್ಲಿಲ್ಲ? ನಾನು ಇದೇ ಕೆಲಸ ಮಾಡೋದು."

"ಅದಕ್ಕೇ ಹೇಳ್ಲಿಲ್ಲ. ಊಟಕ್ಕೆ ಕೂತಾಗೆಲ್ಲ ನೀನು ಹೇಳ್ತಿದ್ದೆ, ಇಂಥ ಪೆದ್ದರೂ ಇರ್ತಾರೆ ನೋಡು ಅಂತ. ಜೀವಮಾನವಿಡೀ ಸ್ಟೆಪ್ಸ್ ತೋರ್ಸು ಅಂತ ಬೈದೋಳು ನಾನು. ನಂದೇ ಸ್ಟೆಪ್ಸ್ ನಿಂಗೆ ಹೇಗೆ ತೋರಿಸ್ಲಿ?"

ಚಿಕ್ಕಮ್ಮ ಸೌಟಿನಿಂದ ಹಾಲನ್ನು ಸುಮ್ಮನೆ ತಿರುವುತ್ತಿದ್ದರು.

"ಅತಿ ನಂಬಿಕೆ ಅಂತ ಬರೆದಿದೀಯಲ್ಲ. ಅಷ್ಟೊತ್ತಿಗೆ ನಂಬಿಕೆ ಎಲ್ಲಿತ್ತೇ? ಪ್ರಾಣ ಹೋಗೋಷ್ಟು ಹೆದರಿಕೆ. ಅವನು ಕೆಮ್ಮಿದ್ನಲ್ಲ, ಒಳ್ಳೆ ಮಾತಾಡಿದ್ರೆ ಏಳೋಕೆ ಬಿಡ್ತಾನೇನೋ ಅಂದ್ಕೊಂಡೆ. ಬೆತ್ತ ಹಿಡ್ಕೊಂಡು ಬರೋ ಮೇಷ್ಟ್ರಿಗೆ ಹುಡುಗ್ರು 'ನಿಮ್ಮ ಶರ್ಟ್ ಚೆನ್ನಾಗಿದೆ ಸಾರ್' ಅಂತಾರಲ್ಲ, ಹಾಗೆ."

"ಬಿಟ್ನಾ?"

"ಎಲ್ಲಿ ಬಿಟ್ಟ. ಹಾಲು ಉಕ್ಕಿ, ಸೀದು, ಹೊಗೆ ತುಂಬ್ತು. ಕೆಮ್ತಾ ಕೂತೇ ಇದ್ದೆ."

ಆ ಕೆಮ್ಮು ಪುಟ್ಟಿಗೆ ಗೊತ್ತಿತ್ತು. ಪೂರ್ತಿ ಮುದ್ರಣದ ಕೊನೆಯಲ್ಲಿ, ಬಹಳ ಹೊತ್ತು. ಅದಕ್ಕೆ ಅವಳು ಬೂದು ಬಣ್ಣದ ಚೀಟಿ ಅಂಟಿಸಿದ್ದಳು. 'ಹಿನ್ನೆಲೆ ಸದ್ದು.'

"ಅಲ್ಲಿ ನೀವು ನನ್ನ ಏನಂತ ಕರೀತೀರಿ? ಹೆಸರಂತೂ ಗೊತ್ತಿಲ್ಲ ಅಂತೀಯ" ಎಂದು ಕೇಳಿದರು ಚಿಕ್ಕಮ್ಮ.

ಪ್ರತಿ ಮುದ್ರಣಕ್ಕೂ ಒಂದು ಸಂಖ್ಯೆ ಇರುತ್ತದೆ. ಸಂಖ್ಯೆಯನ್ನು ಹೇಳಿದ್ದರೆ ಅದು ಸುಳ್ಳೂ ಆಗುತ್ತಿರಲಿಲ್ಲ.

"ಹಾಲಮ್ಮ."

"ಯಾರಿಟ್ಟಿದ್ದು?"

"ನಾನೇ."

ಚಿಕ್ಕಮ್ಮ ತಲೆಯಾಡಿಸಿದರು. ಬೈದಿದ್ದರೆ, ಕಿವಿ ಹಿಂಡಿದ್ದರೆ ಎಷ್ಟೋ ವಾಸಿಯಿತ್ತು. ಹಾಲು ಉಬ್ಬಿ ಬಂತು. ಅವರು ಒಲೆ ಆರಿಸಿ, ಆರಿದೆಯೇ ಎಂದು ಬಗ್ಗಿ ನೋಡಿ, ಗ್ಯಾಸಿನ ನಾಬನ್ನು ಇನ್ನೊಮ್ಮೆ ತಿರುಗಿಸಿ ನೋಡಿದರು.

"ನಾನು ಅಂತ ಯಾರಿಗೂ ಹೇಳ್ಬೇಡ ಪುಟ್ಟಿ. ಆಣೆಗೀಣೆ ಬೇಡ, ಹೇಳ್ಬೇಡ ಅಷ್ಟೆ."

ಮರುದಿನ ಪ್ರಯೋಗಾಲಯದಲ್ಲಿ ಪುಟ್ಟಿ ಮುದ್ರಣವನ್ನು ಮೊದಲಿನಿಂದ ಹಾಕಿ, ಹಳದಿ ಚೀಟಿ ಕಿತ್ತು 'ಅಂಗಲಾಚುವುದು' ಎಂದು ಬರೆದಳು. ಬೂದು ಚೀಟಿಯನ್ನೂ ಕಿತ್ತಳು. ಕೆಮ್ಮನ್ನು ಕೊನೆಯವರೆಗೆ ಕೇಳಿದಳು. ಅದಕ್ಕೆ ಏನು ಬರೆಯಬೇಕೆಂದು ತಿಳಿಯದೆ ಖಾಲಿ ಬಿಟ್ಟಳು. ಆಮೇಲೆ ಉಪನ್ಯಾಸದ ಸ್ಲೈಡುಗಳಿಂದ ಕ್ಲಿಪ್ಪನ್ನು ಅಳಿಸಿದಳು.

ಪಕ್ಕದ ಮೇಜಿನಿಂದ ತಕ್ಕಡಿ ಇಣುಕಿದ.

"ಏನಿದು ಡಾಕ್ಟ್ರೇ, ಹಾಲಮ್ಮನ್ನ ಓಡಿಸ್ತಿದೀರಾ? ಅವಳಿಲ್ದೆ ನಿಮ್ಮ ಭಾಷಣ ಯಾರು ಕೇಳ್ತಾರೆ?"

"ಹಾಗೆ ಕರೀಬೇಡ ಅವರನ್ನ."

"ಯಾಕೆ, ನಿಮಗೆ ಗೊತ್ತಿರೋರಾ?"

ಹೇಳಿದ್ದರೆ ಅವನು ಅರ್ಥಮಾಡಿಕೊಳ್ಳುತ್ತಿದ್ದ, ಕ್ಷಮೆಯನ್ನೂ ಕೇಳುತ್ತಿದ್ದ, ಅವಳ ಎದೆ ಹಗುರಾಗುತ್ತಿತ್ತು. ಅವಳು ಹೇಳಲಿಲ್ಲ.

"ಇಲ್ಲ. ಆದ್ರೆ ನಾವು ನಗಬಾರದಿತ್ತು."

ತಕ್ಕಡಿ ಅವಳನ್ನು ತೂಗುವವನಂತೆ ನೋಡಿದ. "ಎಲ್ಲರಿಗಿಂತ ಮೊದ್ಲು ನಕ್ಕಿದ್ದು ನೀವೇ ಅಲ್ವಾ?" ಎಂದ. ಅವನ ದನಿಯಲ್ಲಿ ಕುಹಕವಿರಲಿಲ್ಲ, ನೆನಪು ಮಾಡಿಕೊಳ್ಳುತ್ತಿದ್ದ ಅಷ್ಟೆ.

"ಹೌದು" ಎಂದಳು ಪುಟ್ಟಿ.