ತೊಟ್ಟಿಗೆ ಉಪವಾಸ

ಅತ್ತೆ ಲೋಟದೊಳಕ್ಕೆ ಮೂಗು ಇಳಿಸಿ ಎರಡನೆಯ ಸಲ ಉಸಿರೆಳೆದಳು. ತೊಟ್ಟಿಯ ನೀರು ನಾರಬೇಕು, ನಾರುವುದೇ ಅದರ ಆರೋಗ್ಯ. ಇವತ್ತು ಬಂದದ್ದು ಬರೀ ಹುಳಿ, ಕಣ್ಣಲ್ಲಿ ನೀರು ತರಿಸುವ ಹುಳಿ.

"ನಿನ್ನೆ ಸಂಜೆ ಇದಕ್ಕೆ ಎಷ್ಟು ನೀರು ಬಿಟ್ರಿ?"

ಎಂಜಿನಿಯರ್ ಮೀಟರಿನಿಂದ ಕಣ್ಣು ಕೀಳಲಿಲ್ಲ. ಕಾರ್ಖಾನೆಯಲ್ಲಿ ಅವನು ಅವಳ ಮೇಲಧಿಕಾರಿ, ಮನೆಯಲ್ಲಿ ಅಳಿಯ. ಯಾವ ಪ್ರಶ್ನೆಗೆ ಯಾವ ಮುಖ ಹಾಕಿಕೊಳ್ಳಬೇಕೆಂದು ನಿರ್ಧರಿಸಲು ಅವನಿಗೆ ಯಾವಾಗಲೂ ತುಸು ಹೊತ್ತು ಹಿಡಿಯುತ್ತಿತ್ತು.

"ದಿನಾ ಬಿಡೋದರ ಎರಡರಷ್ಟು. ಯಜಮಾನರು ಹನ್ನೊಂದಕ್ಕೆ ಬರ್ತಾರಲ್ಲ ಅತ್ತೆ. ನೋಡಿ, ಗ್ಯಾಸ್ ಹೇಗೆ ಏರಿದೆ!"

ಹಣ್ಣಿನ ರಸದ ಆ ಕಾರ್ಖಾನೆ ತೊಳೆದು ಚೆಲ್ಲುವ ಸಿಹಿ ನೀರನ್ನು ತೊಟ್ಟಿಯೊಳಗಿನ ಕಣ್ಣಿಗೆ ಕಾಣದ ಜೀವಿಗಳು ತಿನ್ನಬೇಕು, ತಿಂದು ಗ್ಯಾಸ್ ಬಿಡಬೇಕು, ಆ ಗ್ಯಾಸಿನಿಂದ ಬಾಯ್ಲರ್ ಉರಿಯಬೇಕು. ಅತ್ತೆ ಅವಕ್ಕೆ ಹುಳಗಳು ಎನ್ನುತ್ತಿದ್ದಳು. ಐದು ತಿಂಗಳಿಂದ ಅವನ್ನು ಸಾಕುತ್ತಿದ್ದಳು. ಈ ಸಲ ಬೆಂಕಿ ಕಾಣದಿದ್ದರೆ ತೊಟ್ಟಿ ಒಡೆಸಿ ಅಲ್ಲಿ ಲಾರಿ ನಿಲ್ಲಿಸುತ್ತೇನೆಂದು ಯಜಮಾನರು ಹೇಳಿಬಿಟ್ಟಿದ್ದರು.

ಅತ್ತೆ ಗ್ಯಾಸ್ ಪರೀಕ್ಷಿಸುವ ನಲ್ಲಿ ತಿರುಗಿಸಿ ಅದರ ಬಾಯಿಗೆ ಲೈಟರ್ ಹಿಡಿದಳು. ಲೈಟರಿನ ಉರಿಯೇ ಆರಿಹೋಯಿತು.

"ಗಾಳಿ ಇದೆ, ಉರಿಯೋ ಗಾಳಿ ಅಲ್ಲ. ಅಜೀರ್ಣ."

"ಇನ್ನೊಂಚೂರು ನೀರು ಬಿಟ್ಟು ನೋಡಿದ್ರೆ..."

"ತೇಗ್ತಾ ಇರೋರಿಗೆ ಮತ್ತೆ ಬಡಿಸ್ತಾರಾ ಯಾರಾದ್ರೂ?"

"ನೀವು ಬಡಿಸ್ತೀರಲ್ಲ," ಎಂದ ಅಳಿಯ. "ಭಾನುವಾರ ನಾನು ಕೈ ಅಡ್ಡ ಇಟ್ರೂ ಕೈ ಮೇಲೇ ಸುರಿದ್ರಿ."

"ನೀವು ಎದ್ದು ನಾಲ್ಕು ಹೆಜ್ಜೆ ಓಡಾಡ್ತೀರಿ. ಇವು ಎಲ್ಲಿಗೆ ಹೋಗ್ತವೆ, ಪಾಪ?"

ಅವಳು ತೊಟ್ಟಿಗೆ ನೀರು ಬಿಡುವ ಕೊಳವೆಯ ಚಕ್ರ ತಿರುಗಿಸಿ ಬಿಗಿಯಾಗಿ ಮುಚ್ಚಿದಳು. ಅಷ್ಟಕ್ಕೇ ಬಿಡದೆ ಸ್ಪ್ಯಾನರ್ ಹಾಕಿ ಚಕ್ರವನ್ನೇ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡಳು. ಅಳಿಯನ ಮೇಲೆ ಅವಳಿಗೆ ಪ್ರೀತಿಯಿತ್ತು, ನಂಬಿಕೆ ಬೇರೆ ವಿಷಯ.

"ಯಜಮಾನರಿಗೆ ಏನು ಹೇಳಲಿ ಅತ್ತೆ?"

"ಇರೋದನ್ನ. ಇನ್ನೂ ನೀರು ಬಿಟ್ರೆ ಹುಳಾನೇ ಉಳಿಯಲ್ಲ. ನಿಲ್ಲಿಸಿದ್ರೆ ಎಂಟು ದಿನದಲ್ಲಿ ಚೇತರಿಸ್ಕೊಳ್ತವೆ. ಹೋಗಿ, ಹುಳಿ ಮುರಿಯೋಕೆ ಸುಣ್ಣ ಕಲಸ್ಕೊಂಡು ಬನ್ನಿ."

ಮೇಲಧಿಕಾರಿ ಸುಣ್ಣ ಕಲಸಲು ಹೋದ.

ಯಜಮಾನರು ಹತ್ತು ನಿಮಿಷ ಮೊದಲೇ ಬಂದರು. ಯಾರನ್ನಾದರೂ ಹಿಡಿದುಹಾಕಬೇಕೆನ್ನುವವರು ಹಾಗೆಯೇ ಬರುವುದು. "ಎಲ್ಲಿ ಅಮ್ಮಾ ಬೆಂಕಿ?"

"ಇವತ್ತಿಲ್ಲ ಯಜಮಾನ್ರೇ. ತೊಟ್ಟಿಗೆ ಉಪವಾಸ. ಮುಂದಿನ ಬುಧವಾರ ಬನ್ನಿ."

"ಉಪವಾಸ ಹಾಕೋ ಹಾಗೆ ಮಾಡಿದ್ದು ಯಾರು?"

"ನಾವೇ ಸ್ವಲ್ಪ ಜಾಸ್ತಿ..." ಎಂದು ಅತ್ತೆ ಶುರುಮಾಡುವಷ್ಟರಲ್ಲಿ, ಮೊಣಕೈವರೆಗೆ ಸುಣ್ಣ ಬಳಿದುಕೊಂಡಿದ್ದ ಎಂಜಿನಿಯರ್ ಮುಂದೆ ಬಂದ. "ನಾನು ಸಾರ್. ನಿಮಗೆ ದೊಡ್ಡ ಉರಿ ತೋರಿಸೋಣ ಅಂತ."

ಯಜಮಾನರು ಸುಣ್ಣದ ಕೈ ನೋಡಿದರು, ಕಂಕುಳಲ್ಲಿದ್ದ ಚಕ್ರ ನೋಡಿದರು. "ಬುಧವಾರವೂ ಹತ್ತಲಿಲ್ಲ ಅಂದ್ರೆ?"

"ಹತ್ತುತ್ತೆ," ಎಂದಳು ಅತ್ತೆ, ಬಸ್ಸಿನ ಸಮಯ ಹೇಳುವವಳಂತೆ. "ಹತ್ತಲಿಲ್ಲ ಅಂದ್ರೆ ಲಾರಿಗೆ ಜಾಗ ನಾನೇ ಗುಡಿಸಿಕೊಡ್ತೀನಿ."

ಬುಧವಾರ ಬಿಸಿಲು ಚುರುಕಾಗಿತ್ತು. ಬಾಯ್ಲರ್ ಮನೆಯ ಎರಡೂ ಬಾಗಿಲು ತೆರೆದಿದ್ದವು. ಅತ್ತೆ ಗ್ಯಾಸಿನ ಕೊಳವೆ ತೆರೆದು ಕಿಡಿ ತಾಗಿಸಿದ ಮೇಲೆ ಯಜಮಾನರು ಬಾಯ್ಲರಿನ ಇಣುಕು ಕಿಂಡಿಗೆ ಬಗ್ಗಿದರು.

"ಏನೂ ಕಾಣ್ತಾನೇ ಇಲ್ವಲ್ಲ?"

"ಒಳ್ಳೆ ಗ್ಯಾಸಿನ ಉರಿ ಬೆಳಕಲ್ಲಿ ಕಾಣೋದು ಕಷ್ಟ ಸಾರ್," ಎಂದ ಎಂಜಿನಿಯರ್. "ಕೈ ಮರೆ ಮಾಡ್ಕೊಂಡು ನೋಡಿ." ಅವನ ದನಿ ಸಣ್ಣಗಾಗಿತ್ತು. ಅವನೂ ಪಕ್ಕದಲ್ಲೇ ಬಗ್ಗಿದ.

ಇಬ್ಬರೂ ಹಣೆಗೆ ಅಂಗೈ ಒತ್ತಿಕೊಂಡು, ಬೆನ್ನು ಬಿಸಿಲಿಗೆ ಒಡ್ಡಿ, ಆ ಸಣ್ಣ ಗಾಜಿನೊಳಗೆ ನೀಲಿಯನ್ನು ಹುಡುಕುತ್ತಿದ್ದರು. ಅವರ ತಲೆಯ ಮೇಲೆ ಉಗಿಯ ಒತ್ತಡ ತೋರಿಸುವ ಮುಳ್ಳು ಸೊನ್ನೆಯಿಂದ ಒಂದು ಗೆರೆ ಏರಿ ನಿಂತಿತು, ಯೋಚಿಸಿದಂತೆ ತುಸು ನಡುಗಿತು, ಮತ್ತೊಂದು ಗೆರೆ ಏರಿತು.