ಒಡೆಯರ ಕೊಳದ ಕಪ್ಪೆಗಳು

ಪೆರೀನ್ ಮೊಣಕಾಲುದ್ದ ಕೆಸರಿನಲ್ಲಿ ನಿಂತು ಬೆಳಗಿನಿಂದ ಗಳ ಹಿಡಿದು ನೀರು ಬಡಿಯುತ್ತಿದ್ದಳು. ಜಿಗಣೆ ಕಚ್ಚಿದರೆ ಒಂದು ಕೈಯಲ್ಲಿ ಕಿತ್ತೆಸೆದು ಇನ್ನೊಂದು ಕೈಯಲ್ಲಿ ಬಡಿಯಬೇಕು. ನಿಲ್ಲಿಸಿದರೆ ಕಪ್ಪೆ ವಟಗುಟ್ಟುತ್ತದೆ. ಕಪ್ಪೆ ವಟಗುಟ್ಟಿದರೆ ದಂಡೆಯ ಮೇಲಿನ ಅರಮನೆಯಲ್ಲಿ ಒಡೆಯರ ಲೇಖನಿ ನಿಲ್ಲುತ್ತದೆ. ಕಪ್ಪೆಗಳ ಬಾಯಿ ಮುಚ್ಚಿಸುವುದು ಫ್ರಾನ್ಸಿನ ಶಾಂಪ್ರೋಲ್ ಊರಿನ ರೈತರ ಬಿಟ್ಟಿ ಚಾಕರಿ. ಅವಳ ಅಜ್ಜಿಯೂ ಇದೇ ಕೆಸರು ತುಳಿದವಳು.

ಗಂಡ ಸತ್ತ ಮೇಲೆ ಅವಳಿಗೆ ಉಳಿದದ್ದು ಒಂದು ಹಸು, ಒಂದು ಪಟ್ಟಿ ಹುಲ್ಲುಗಾವಲು. ಕೊಯ್ದ ಹುಲ್ಲು ಬಯಲಲ್ಲಿ ಒಣಗುತ್ತಿತ್ತು. ಪಡುವಣದಲ್ಲಿ ಮೋಡ ಕಟ್ಟಿತ್ತು. ಹುಲ್ಲು ನೆನೆದು ಕೊಳೆತರೆ ಚಳಿಗಾಲಕ್ಕೆ ಮೇವಿಲ್ಲ, ಹಸು ಉಳಿಯುವುದಿಲ್ಲ.

“ಒಡೆಯರು ಅಂಥಾದ್ದೇನ್ ಬರೀತಾವ್ರೆ ಅನ್ಸೆಲ್ಮಣ್ಣ?” ಪಕ್ಕದಲ್ಲಿ ಬಡಿಯುತ್ತಿದ್ದ ಮುದುಕನನ್ನು ಕೇಳಿದಳು.

“ಸ್ವಾತಂತ್ರ್ಯದ ಮೇಲೆ ಭಾಷಣ ಕಣವ್ವ. ದೊರೆ ವರ್ಸಾಯಿಲಿ ಕರೆದಿರೋ ಸಭೇಲಿ ಓದ್ತಾರಂತೆ. ಮನುಷ್ಯ ಹುಟ್ತಾನೇ ಸ್ವತಂತ್ರ ಅಂತೆ.”

“ನಾನ್ ಹುಟ್ಟಿದಾಗ ಯಾರೂ ಹೇಳ್ಲಿಲ್ವಲ್ಲ.”

“ಹೇಳ್ಬೇಕಾದೋರು ಕೊಳದಲ್ಲಿದ್ರೇನೋ.”

ಕೆಸರಿನಲ್ಲಿದ್ದವರೆಲ್ಲ ನಕ್ಕರು. ನಗು ಕೇಳಿ ಪಾರುಪತ್ಯಗಾರ ಬ್ರೊಸಾರ್ ದಂಡೆಗೆ ಓಡಿ ಬಂದ.

“ಪೆರೀನ್, ನಿನ್ ಕಡೆಯಿಂದ್ಲೇ ಸದ್ದು ಬರ್ತಿದೆ.”

“ಅದು ಕಪ್ಪೆಯಲ್ಲ ಸ್ವಾಮಿ, ನನ್ ಹೊಟ್ಟೆ. ಒಂದ್ ಗಳಿಗೆ ಬಿಡಿ, ಹುಲ್ ಎತ್ತಾಕಿ ಬಂದ್ಬಿಡ್ತೀನಿ.”

“ಒಡೆಯರು ಮನುಕುಲದ ಹಕ್ಕು ಬರೀತಾ ಕೂತಿದಾರೆ. ನಿಂಗೆ ಹುಲ್ಲಿನ ಚಿಂತೆ.”

ಅಷ್ಟರಲ್ಲಿ ಮೇಲಿನ ಕಿಟಕಿ ತೆರೆಯಿತು. ಒಡೆಯರು ಕೆಟ್ಟವರೇನಲ್ಲ. ತಾವು ಬರೆದದ್ದಕ್ಕೆ ತಾವೇ ಕಣ್ಣೀರು ಹಾಕುವಂಥ ಮೆತ್ತನೆಯ ಮನುಷ್ಯ. ಅಂಥವರ ಕಾಟವೇ ಒಂದು ಕೈ ಹೆಚ್ಚು. ಬರೆದದ್ದು ಜನಸಾಮಾನ್ಯರಿಗೆ ಅರ್ಥವಾಗುತ್ತದೋ ಇಲ್ಲವೋ ನೋಡಬೇಕೆನ್ನಿಸಿ, ಕಾಗದ ಹಿಡಿದು ಕಿಟಕಿಯಿಂದ ಬಗ್ಗಿದರು.

“ಕೇಳ್ರಪ್ಪಾ. ಮನುಷ್ಯನ ತೋಳಿನ ಶಕ್ತಿ, ಅವನ ದಿನದ ಹೊತ್ತು, ಎರಡೂ ಅವನವೇ. ಅವನು ಒಪ್ಪದೆ ಅವನ್ನು ಯಾರೂ ಕಿತ್ತುಕೊಳ್ಳುವಂತಿಲ್ಲ. ತಿಳೀತಾ?”

ಪೆರೀನ್ ಬಡಿಯುವುದನ್ನು ನಿಲ್ಲಿಸಿದಳು. “ಇನ್ನೊಂದ್ಸಲ ಓದಿ ಒಡೆಯಾ.”

ಒಡೆಯರು ಹಿರಿಹಿರಿ ಹಿಗ್ಗಿ ಮತ್ತೊಮ್ಮೆ ಓದಿದರು.

“ಇದು ಹೆಂಗಸ್ರಿಗೂ ಸೇರುತ್ತಾ?”

ಒಡೆಯರು ಕಾಗದ ತಿರುವಿ ನೋಡಿದರು. “ಸೇರಲ್ಲ ಅಂತ ಬರೆದಿಲ್ಲ.”

“ಯಾವತ್ತಿಂದ ಜಾರಿ?”

“ಹುಟ್ಟಿದ ದಿನದಿಂದ ಕಣಮ್ಮ. ದೊರೆ ಕೊಡೋದಲ್ಲ ಇದು, ಪ್ರಕೃತಿ ಕೊಟ್ಟಿದ್ದು.”

“ಹಂಗಾದ್ರೆ ಇವತ್ತೂ ಐತೆ.”

“ಇದೆ, ಇದೆ.”

ಪೆರೀನ್ ಗಳವನ್ನು ದಂಡೆಗೆ ಎಸೆದು, ಲಂಗ ಹಿಂಡಿಕೊಂಡು ಮೇಲೆ ಹತ್ತಿದಳು. ಹಿಂದೆ ಇನ್ನೊಂದು ಗಳ ಬಿದ್ದ ಸದ್ದು ಕೇಳಿತು. ಆಮೇಲೆ ಮತ್ತೊಂದು. ಅನ್ಸೆಲ್ಮ್ ಮುದುಕ ಉಸ್ಸೆಂದು ಏರಿ ಬಂದ.

“ಎಲ್ಲಿಗ್ ಹೊರಟ್ರಿ?” ಒಡೆಯರು ಕೇಳಿದರು.

“ಹುಲ್ ಎತ್ತಾಕಕ್ಕೆ. ನಾನು ಒಪ್ಲಿಲ್ಲ ಒಡೆಯಾ.”

“ಅಯ್ಯೋ, ಅದು ಫ್ರಾನ್ಸ್ ದೇಶಕ್ಕೆ ಬರೆದದ್ದು, ಈ ಕೊಳಕ್ಕಲ್ಲ.”

“ಕೊಳ ಯಾವ ದೇಶದಲ್ಲೈತೆ?”

ಒಡೆಯರು ಬಾಯಿ ತೆರೆದರು. ಅಷ್ಟರಲ್ಲಿ ಕಪ್ಪೆಗಳು ಶುರುವಿಟ್ಟುಕೊಂಡವು. ಅವರು ಏನು ಹೇಳಿದರೋ ಯಾರಿಗೂ ಕೇಳಿಸಲಿಲ್ಲ.

ಊರಿಗೆ ಊರೇ ಪೆರೀನಳ ಹುಲ್ಲುಗಾವಲಿಗೆ ಇಳಿಯಿತು. ಹಾಡು, ಗೇಲಿ, ಕೇಕೆಯ ನಡುವೆ ಹುಲ್ಲು ಗಾಡಿಗೇರುತ್ತಿದ್ದಾಗ ಮೊದಲ ಹನಿ ಬಿತ್ತು. ಬ್ರೊಸಾರ್ ಏದುಸಿರು ಬಿಡುತ್ತಾ ಬಂದ.

“ಪೆರೀನ್, ಒಡೆಯರು ಹೇಳಿ ಕಳ್ಸಿದಾರೆ. ಹಕ್ಕು ಇರೋದು ನಿಜವಂತೆ. ಆದ್ರೆ ಸಭೆ ಒಪ್ಪೋವರೆಗೂ ತಾಳ್ಬೇಕಂತೆ. ಅಲ್ಲೀವರೆಗೂ ಬಂದು ಬಡೀಬೇಕು.”

ಪೆರೀನ್ ಕೊನೆಯ ಹೊರೆಯನ್ನು ಗಾಡಿಗೆ ಎತ್ತಿ ಹಾಕಿ ಬೆವರು ಒರೆಸಿಕೊಂಡಳು.

“ಕಪ್ಪೆಗಳಿಗೆ ಹೇಳಿ ನೋಡಿ ಸ್ವಾಮಿ, ಸಭೆ ಒಪ್ಪೋವರೆಗೂ ಸುಮ್ನಿರಿ ಅಂತ. ಅವು ತಾಳಿದ್ರೆ ನಾವೂ ತಾಳ್ತೀವಿ.”