ಗ್ಯಾರೇಜಿನ ಆಯುಧಪೂಜೆ

ನನ್ನ ಗಂಡನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ. ಇರುವುದು ಒಂದೇ ಹುಚ್ಚು, ಅದೂ ಊರಿಗಿಲ್ಲದ ಹುಚ್ಚು. ಬಂದೂಕಿನ ಖಾಲಿ ತೋಟಾಗಳಿಗೆ ಮನೆಯಲ್ಲೇ ಮತ್ತೆ ಮದ್ದು ತುಂಬುವವರು ಈ ದೇಶದಲ್ಲಿ ಬಹಳ ಜನ ಇದ್ದಾರಂತೆ. ಅಂಥವರ ಅಜ್ಜಂದಿರು ಬಳಸಿದ ಕೈಪಿಡಿಗಳು, ಹಿಡಿಕೆ ಒತ್ತುವ ಪ್ರೆಸ್ಸುಗಳು, ಮದ್ದಿನ ಖಾಲಿ ಡಬ್ಬಗಳು, ಪುಟ್ಟ ತಕ್ಕಡಿಗಳು ಎಲ್ಲ ನಮ್ಮ ಹೇವರ್ಡಿನ ಬಾಡಿಗೆ ಮನೆಯ ಗ್ಯಾರೇಜಿನಲ್ಲಿವೆ. ಬಂದೂಕು ಮಾತ್ರ ಇಲ್ಲ. ನಮ್ಮ ಯಜಮಾನರು ಸಂತೋಷಕುಮಾರ್ ಜೀವಮಾನದಲ್ಲಿ ಒಂದು ಗುಂಡು ಹಾರಿಸಿದವರಲ್ಲ. ಈ ಸಂಭ್ರಮಕ್ಕೆ ನನ್ನ ಕಾರು ಬೀದಿಯಲ್ಲಿ ಒಣಗುತ್ತದೆ.

ಎಲ್ಲ ಆ ತಕ್ಕಡಿಯ ದೆಸೆಯಿಂದ. ನಮ್ಮ ಮಾವ ಗೋಕಾಕದಲ್ಲಿ ಅಕ್ಕಸಾಲಿಗರಾಗಿದ್ದರು. ಗುಲಗಂಜಿ ಇಟ್ಟು ಬಂಗಾರ ತೂಗುವ ಅಂಗಡಿಯಲ್ಲಿ ಬೆಳೆದ ಇವರಿಗೆ, ಗೋಧಿ ಕಾಳಿಗಿಂತ ಹಗುರಾದದ್ದನ್ನೂ ತೂಗುವ ತಕ್ಕಡಿ ಕಂಡರೆ ಪ್ರಾಣ. ಭಾನುವಾರ ಪೂರ್ತಿ ಉಪ್ಪಿನ ಹರಳು ತೂಗುತ್ತ ಕೂತಿರುತ್ತಾರೆ. ಮಾವ ಸತ್ತಾಗ ಇವರು ಹೋಗಲಿಲ್ಲ. ಹೋದರೆ ವಾಪಸು ಬರಲು ವೀಸಾ ಸ್ಟಾಂಪಿಂಗ್ ಆಗದೆ ಅಲ್ಲೇ ಸಿಕ್ಕಿಬಿದ್ದರೆ ಎಂಬ ಭಯ. ಹದಿನಾಲ್ಕು ವರ್ಷದಿಂದ ಗ್ರೀನ್ ಕಾರ್ಡಿನ ಕ್ಯೂನಲ್ಲಿದ್ದೇವೆ. ಕೆಲಸ ಬಿಡುವಂತಿಲ್ಲ, ಬಾಯಿ ಬಿಡುವಂತಿಲ್ಲ.

ಕೊನೆಗೂ ಇಂಟರ್‌ವ್ಯೂಗೆ ಕರೆದಿದ್ದರು, ಗುರುವಾರ. ಅದಕ್ಕೆ ನಾಲ್ಕು ದಿನ ಮುಂಚೆ ಆಯುಧಪೂಜೆ. ಊರಿಂದ ಬಂದಿದ್ದ ನಮ್ಮತ್ತೆ ಬಂಗಾರೆವ್ವ ಬೆಳಿಗ್ಗೆಯೇ ಗ್ಯಾರೇಜಿಗೆ ನುಗ್ಗಿದರು.

"ಮನ್ಯಾಗ ಇಷ್ಟ ಯಂತ್ರ ಇಟಗೊಂಡು ಪೂಜಿ ಮಾಡಲಾರದ ಬಿಡತಾರೇನ?" ಎಂದು ನನಗೇ ಬೈದರು.

ಹಿಂದಿನ ವಾರ ಗಿಲ್‌ರಾಯ್ ಎಂಬ ಊರಲ್ಲಿ, ತೀರಿಕೊಂಡ ಯಾರೋ ಮುದುಕನ ಸಾಮಾನು ಮಾರುತ್ತಿದ್ದಾಗ ಇವರು ಒಂದು ಮರದ ಪೆಟ್ಟಿಗೆ ತಂದಿದ್ದರು. ಮೇಲಿನ ಪುಸ್ತಕ ಮಾತ್ರ ತೆರೆದು ನೋಡಿದ್ದರು. ಅತ್ತೆ ತಳದಲ್ಲಿದ್ದ ಕೆಂಪು ಪ್ಯಾಕೆಟ್ಟುಗಳವರೆಗೂ ತೆಗೆದು ಎಲ್ಲವನ್ನೂ ಹರವಿ, ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂ ಇಟ್ಟು, ದೀಪ ಹಚ್ಚಿ, ಫೋಟೋ ತೆಗೆದು ಕನ್ನಡ ಕೂಟದ ವಾಟ್ಸಾಪಿಗೆ ಹಾಕಿದರು.

ಹತ್ತೇ ನಿಮಿಷಕ್ಕೆ ಸ್ಯಾನ್ ರಮೋನಿನ ನಾಗರಾಜು ಫೋನ್ ಮಾಡಿದ. ಮಂಡ್ಯದವನು, ಸಿಟಿಜನ್ ಆದಮೇಲೆ ಶಿಕಾರಿ ಕಲಿತವನು.

"ಅಕ್ಕಾ, ಮೊದ್ಲು ಆ ದೀಪ ಅತ್ಲಾಗ್ ತಗೀರಿ! ಆ ಕೆಂಪು ಪ್ಯಾಕೆಟ್ಟುಗಳು ಸೀಲೇ ಒಡೆದಿಲ್ಲ. ಪ್ರೈಮರ್ರು ಅಕ್ಕಾ ಅದು, ತೋಟಾ ಒಳಗೆ ಕಿಡಿ ಹೊತ್ಸೋದು."

ನಾನು ದೀಪ ಎತ್ತಿಕೊಂಡು ಅಂಗಳಕ್ಕೆ ಓಡಿದೆ. ವಾಪಸು ಬಂದರೆ ಅವನು ಇನ್ನೂ ಲೈನಿನಲ್ಲಿದ್ದ.

"ಇನ್ನೊಂದು ವಿಷ್ಯ. ನಿಮ್ ಥರ ವೀಸಾದಲ್ಲಿರೋರು ಮದ್ದುಗುಂಡು ಇಟ್ಕೊಳಂಗಿಲ್ಲ. ಕಾನೂನಲ್ಲಿ ಇದೂ ಮದ್ದುಗುಂಡೇಯ."

"ಹಾಗಾದ್ರೆ ನೀನೇ ಬಂದು ತಗೊಂಡ್ಹೋಗಪ್ಪ."

"ಅಯ್ಯೋ, ಸುಮ್ನೆ ನನ್ಯಾಕಕ್ಕ ಸಿಗಿಸ್ತೀರಾ?" ಎಂದು ಫೋನ್ ಇಟ್ಟುಬಿಟ್ಟ. ಫೋಟೋಗೆ ಲೈಕ್ ಮಾತ್ರ ಒತ್ತಿದ್ದ, ಪುಣ್ಯಾತ್ಮ.

ಇವರು ಮೊಬೈಲಿನಲ್ಲಿ ಹುಡುಕಿ ಓದಿದರು. ಓದಿ, ಗ್ಯಾರೇಜಿನ ಮೆಟ್ಟಿಲ ಮೇಲೆ ಕೂತರು. ಕಸಕ್ಕೆ ಹಾಕಿದರೆ ಲಾರಿಯಲ್ಲಿ ಸಿಡಿದೀತು. ಪೊಲೀಸರಿಗೆ ಕೊಟ್ಟರೆ ಯಾರದೆಂದು ಕೇಳಿಯಾರು. ನಮ್ಮ ವೀಸಾ ವಕೀಲರ ಆಫೀಸು ಭಾನುವಾರ ಮುಚ್ಚಿತ್ತು.

"ಇಟ್ಕೊಂಡ್ರೂ ತಪ್ಪು, ಕೊಟ್ರೂ ತಪ್ಪು. ಅತ್ತ ದರಿ, ಇತ್ತ ಹುಲಿ," ಎಂದರು.

"ಉಪ್ಪು ತೂಗೋಕೆ ಅಡುಗೆಮನೆ ತಕ್ಕಡಿ ಸಾಲ್ತಿರಲಿಲ್ವಾ ನಿಮಗೆ?" ಎಂದು ಕಿರುಚಿದೆ. ಅವರು ಮೊಬೈಲಿನಲ್ಲಿ ಅದೇ ಪುಟವನ್ನು ಮತ್ತೆ ಓದತೊಡಗಿದರು. ತಿರುಗಿ ಬೈದಿದ್ದರೂ ನನಗೆ ಸಮಾಧಾನವಿರುತ್ತಿತ್ತು.

ಅತ್ತೆಯದು ಬೇರೆಯೇ ಹಟ. "ಪೂಜಿ ಮಾಡಿದ್ದು ನಾಳಿತನಕ ಅಲಗಾಡಸಬಾರದು."

ಆಗ ಒಳಗಿಂದ ಸ್ನೇಹಲ್ ಬಂದಳು. ನಮ್ಮ ಮಗಳು, ಇಪ್ಪತ್ತೊಂದು, ಇಲ್ಲೇ ಹುಟ್ಟಿದವಳು. ಬಾಗಿಲ ಹಿಂದೆ ಎಲ್ಲ ಕೇಳಿಸಿಕೊಂಡಿದ್ದಳು.

"ಐ ಆಮ್ ಎ ಸಿಟಿಜನ್, ಡ್ಯಾಡ್. ಈ ಮನೇಲಿ ನಾನೊಬ್ಳೇ. ನೀವ್ಯಾರೂ ಮುಟ್ಬೇಡಿ."

ಇವರು ಬೇಡವೆಂದು ಎದ್ದುನಿಂತರು. ಅಷ್ಟರಲ್ಲಿ ಅವಳು ಪೊಲೀಸರಿಗೆ ಫೋನ್ ಮಾಡಿಯಾಗಿತ್ತು. ಯಾರದೆಂದು ಆ ಕಡೆ ಕೇಳಿರಬೇಕು. "ಮೈನ್," ತನ್ನದೇ ಎಂದಳು, ತಡವರಿಸದೆ. ನನಗೆ ನಾಚಿಕೆಯಾಯಿತು. ಇಷ್ಟು ವರ್ಷ ಇವಳಿಗೋಸ್ಕರ ಕ್ಯೂನಲ್ಲಿ ನಿಂತಿದ್ದೇವೆ ಎಂದು ಊರಿಗೆಲ್ಲ ಹೇಳಿಕೊಂಡು ಬಂದವಳು ನಾನು.

ಅತ್ತೆ ಮಗನ ಮುಖ ನೋಡಿದರು, ಮೊಮ್ಮಗಳ ಮುಖ ನೋಡಿದರು. ಆಮೇಲೆ ತಾವೇ ಹೂಗಳನ್ನು ಒಂದೊಂದಾಗಿ ತೆಗೆದರು. "ಒಯ್ಯವಾ. ದೋಷ ಬಂದ್ರ ನನಗ ಬರ್ಲಿ."

"ಎಲ್ಲಾ ತಗೊಂಡ್ಹೋಗು," ಎಂದರು ಇವರು. ಪುಸ್ತಕ, ಪ್ರೆಸ್ಸು, ತಕ್ಕಡಿ. ಕೈಯಲ್ಲಿ ತೋರಿಸಲೂ ಇಲ್ಲ, ಗದ್ದದಲ್ಲೇ ತೋರಿಸಿದರು. ಅವಳು ಎಲ್ಲವನ್ನೂ ನನ್ನ ಕಾರಿನ ಡಿಕ್ಕಿಗೆ ತುಂಬಿ, ಅತ್ತೆ ಪೂಜೆಗೆಂದು ಚಕ್ರದಡಿ ಇಟ್ಟಿದ್ದ ನಿಂಬೆಹಣ್ಣು ಜಜ್ಜಿಕೊಂಡು ಹೊರಟಳು.

ಒಂದೂವರೆ ಗಂಟೆ ಬಿಟ್ಟು ವಾಪಸು ಬಂದಳು. ಸ್ಟೇಷನ್ನಿನ ಹೊರಗೇ ಒಬ್ಬ ಆಫೀಸರ್ ಬಂದು ಕೆಂಪು ಪ್ಯಾಕೆಟ್ಟುಗಳನ್ನು ಮಾತ್ರ ತೆಗೆದುಕೊಂಡು, ಕುಂಕುಮ ಯಾಕೆಂದು ಕೇಳಿ, ಥ್ಯಾಂಕ್ಸ್ ಹೇಳಿದನಂತೆ. ಮಿಕ್ಕಿದ್ದಕ್ಕೆಲ್ಲ ಯಾವ ಕಾನೂನೂ ಇಲ್ಲವಂತೆ.

ಇಂಟರ್‌ವ್ಯೂನಲ್ಲಿ ವಿಳಾಸ ಕೇಳಿದರು, ಮದುವೆಯ ತಾರೀಖು ಕೇಳಿದರು. ತಿಳಿಸುತ್ತೇವೆ ಎಂದರು. ಇನ್ನೂ ತಿಳಿಸಿಲ್ಲ.

ತಕ್ಕಡಿ ಈಗ ಸ್ನೇಹಲ್‌ಳ ರೂಮಿನಲ್ಲಿದೆ. ಮೊನ್ನೆ ಭಾನುವಾರ ಅತ್ತೆ ತಮ್ಮ ಚೀಲದಿಂದ ಮಾವನ ಅಂಗಡಿಯ ಗುಲಗಂಜಿಯೊಂದನ್ನು ತೆಗೆದು ಅವಳಿಗೆ ಕೊಟ್ಟರು. ಅವಳು ತೂಗಲು ಕೂತಳು. ಇವರು ಹೊಸ್ತಿಲಾಚೆ ನಿಂತು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹೇಳಿಕೊಡುತ್ತಿದ್ದರು. "ದಂಡಿ ಮ್ಯಾಲಿನ ಬಟ್ಟು ಎಡಕ್ಕ ಸರಿಸು. ಇನ್ನೊಂದು ಹಲ್ಲು. ಉಸಿರು ಬಿಡಬ್ಯಾಡ."

ನನಗೆ ತಡೆಯಲಾಗಲಿಲ್ಲ. "ಅದು ಬರೀ ತಕ್ಕಡಿ ರೀ. ಮುಟ್ಟಿದ್ರೆ ಏನೂ ಆಗಲ್ಲ. ಹೋಗಿ, ಒಳಗೆ ಕೂತ್ಕೊಳ್ಳಿ."

"ಗೊತ್ತು," ಎಂದರು. ಕೈ ಬೆನ್ನ ಹಿಂದೆಯೇ ಇತ್ತು. ಹೊಸ್ತಿಲ ಮೇಲಿಂದ ಕತ್ತು ಚಾಚಿ ಮಗಳನ್ನು ಕೇಳಿದರು: "ಎಷ್ಟಾತು?"